ಬಲ್ಲವರ ಗುಟ್ಟು

ವಿದ್ಯೆಯೆಂಬುದು ಕೊಟ್ಟಷ್ಟೂ ಹೆಚ್ಚುವ ಧನವೆಂದು ಬಾಲ್ಯದಿಂದ ಕೇಳಿದ್ದೇವೆ. ಕಚೇರಿಯ ಮೆಟ್ಟಿಲು ಹತ್ತಿದೊಡನೆ ಆ ಮಾತು ಮರೆತುಹೋಗುವುದೇಕೆ? ಹಳೆಯ ಗುಮಾಸ್ತರೊಬ್ಬರು ರಜೆ ಹಾಕಿದರೆ ಬೇಕಾದ ಕಡತ ಯಾರ ಕೈಗೂ ಸಿಕ್ಕದು. ಹೊಸಬನು ಕೇಳಿದರೆ, “ನಾಲ್ಕು ದಿನ ಒದ್ದಾಡಪ್ಪ, ತಾನಾಗಿ ತಿಳಿಯುತ್ತದೆ” ಎಂಬ ಉತ್ತರ. ಇದನ್ನು ಸಣ್ಣತನವೆಂದು ಹಳಿಯುವುದು ಸುಲಭ. ಆದರೆ ಇಪ್ಪತ್ತು ವರ್ಷ ದುಡಿದು ಕೂಡಿಟ್ಟ ತಿಳಿವಳಿಕೆಯನ್ನು ಕೊಟ್ಟುಬಿಟ್ಟರೆ ಆಮೇಲೆ ತನ್ನನ್ನು ಕೇಳುವವರಾರು ಎಂಬ ಅಳುಕು ಅವರಿಗಿರಬಾರದೆ?

ಈ ಅಳುಕು ಕಳೆಯುವ ಬಗೆಯನ್ನು ಅಮೆರಿಕದ ಜೆರಾಕ್ಸ್ ಕಂಪನಿಯ ಅನುಭವವು ತಿಳಿಸುತ್ತದೆ. ನಕಲುಪ್ರತಿಗೇ ನಾವು ಆ ಹೆಸರನ್ನಿಟ್ಟಿದ್ದೇವಲ್ಲ, ಅದೇ ಕಂಪನಿ. ಅದರ ಯಂತ್ರಗಳನ್ನು ದುರಸ್ತಿ ಮಾಡುವವರೊಡನೆ ಓಡಾಡಿದ ಮಾನವಶಾಸ್ತ್ರಜ್ಞ ಜೂಲಿಯನ್ ಆರ್, ತಾವು ಕಂಡದ್ದನ್ನು 1996ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಕಂಪನಿಯು ಕೈಪಿಡಿಗಳನ್ನು ಕೊಟ್ಟಿತ್ತು. ಆದರೆ ಕೈಪಿಡಿಯಲ್ಲಿ ಬರೆದಂತೆಯೇ ಕೆಡಲು ಯಂತ್ರಗಳು ಒಪ್ಪಬೇಕಲ್ಲ! ದುರಸ್ತಿಗಾರರು ಊಟ ಉಪಾಹಾರದ ಹೊತ್ತಿನಲ್ಲಿ ಒಟ್ಟುಗೂಡಿ, ತಮ್ಮನ್ನು ಕಾಡಿದ ಯಂತ್ರಗಳ ಕಥೆ ಹೇಳಿಕೊಳ್ಳುತ್ತಿದ್ದರು. ಆ ಹರಟೆಯೇ ಅವರ ಪಾಠಶಾಲೆ.

1990ರ ದಶಕದಲ್ಲಿ ಕಂಪನಿಯು ಇಂಥ ಉಪಾಯಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸುವ ‘ಯುರೇಕಾ’ ಎಂಬ ಏರ್ಪಾಡನ್ನು ಮೊದಲು ಫ್ರಾನ್ಸಿನಲ್ಲಿ ಆರಂಭಿಸಿತು. ಉಪಾಯ ಬರೆದವರಿಗೆ ಹಣ ಕೊಡೋಣವೆ ಎಂಬ ಪ್ರಶ್ನೆ ಬಂದಿತು. ದುರಸ್ತಿಗಾರರೇ ಬೇಡವೆಂದರು. ಹಣವಿಟ್ಟರೆ ಎಲ್ಲರ ಗಮನ ಗುಣವನ್ನು ಬಿಟ್ಟು ಎಣಿಕೆಯ ಕಡೆಗೆ ಹೋದೀತೆಂಬುದು ಅವರ ವಾದ. ಬದಲಿಗೆ ಪ್ರತಿಯೊಂದು ಉಪಾಯದ ಜೊತೆಗೂ ಅದನ್ನು ಕಂಡುಕೊಂಡವನ ಹೆಸರಿರಲಿ ಎಂದರು. ಕೆಲಸ ಬಲ್ಲ ಸಹೋದ್ಯೋಗಿಗಳೇ ಅದನ್ನು ಪರೀಕ್ಷಿಸಿ ಒಪ್ಪುವಂತಾಯಿತು. ಸಂಗ್ರಹ ಬೆಳೆಯಿತು.

ತಿಳಿದದ್ದನ್ನು ಕೊಟ್ಟ ಮೇಲೂ ಹೆಸರು ತನ್ನಲ್ಲಿಯೇ ಉಳಿಯುವುದೆಂಬ ಭರವಸೆಯಿದ್ದರೆ ಮನುಷ್ಯನ ಮುಷ್ಟಿ ಸಡಿಲುತ್ತದೆ. ತನ್ನಂಥವನೇ ಮೆಚ್ಚಿ ತಲೆದೂಗಿದರೆ, ಆ ಸಂತೋಷವನ್ನು ಸಂಬಳದಲ್ಲಿ ಎಣಿಸಲಾಗದು.

ಪರರಿಗೆ ಹೇಳುವ ಮುನ್ನ ನನ್ನದನ್ನೂ ಒಪ್ಪಿಕೊಳ್ಳಬೇಕು. ಹೊಸದಾಗಿ ಬಂದ ಅಧ್ಯಾಪಕರೊಬ್ಬರು ನನ್ನ ಹಳಗನ್ನಡದ ಟಿಪ್ಪಣಿಗಳನ್ನು ಕೇಳಿದಾಗ, “ಹುಡುಕಬೇಕು” ಎಂದುಬಿಟ್ಟೆ. ಅವು ಮೇಜಿನ ಮೇಲೆಯೇ ಇದ್ದವು! ರಾತ್ರಿ ತೆರೆದು ನೋಡಿದರೆ, ಅರ್ಧಕ್ಕರ್ಧ ನನ್ನ ಗುರುಗಳು ಹೇಳಿಕೊಟ್ಟದ್ದು. ಅವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಮರುದಿನ ಮೊದಲ ಪುಟದಲ್ಲಿ ಗುರುಗಳ ಹೆಸರು ಬರೆದು ಟಿಪ್ಪಣಿಗಳನ್ನು ಕೊಟ್ಟೆ. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ನನ್ನದನ್ನೂ ಬರೆದೆನೆಂಬುದು ನಿಜ.