ಹೊಸ ಗಣಕಯಂತ್ರ ಕೊಳ್ಳುವ ಮುನ್ನ

ಸಣ್ಣ ವರ್ತಕರ ಹಾಗೂ ಕಿರು ಉದ್ದಿಮೆದಾರರ ಮನೆಗಳಲ್ಲಿರುವ ಗಣಕಯಂತ್ರವು ಕೇವಲ ಗೃಹೋಪಯೋಗಿ ವಸ್ತುವಾಗಿ ಉಳಿದಿಲ್ಲ. ಮಕ್ಕಳ ಓದಿಗೆ ಬಳಕೆಯಾಗುವ ಯಂತ್ರದಲ್ಲಿಯೇ ಅಂಗಡಿಯ ಲೆಕ್ಕವನ್ನೂ ಬರೆಯಲಾಗುತ್ತದೆ, ಜಿಎಸ್‌ಟಿ ರಿಟರ್ನ್‌ಗಳನ್ನೂ ಸಲ್ಲಿಸಲಾಗುತ್ತದೆ. ಇಂತಹ ಯಂತ್ರವು ನಿಧಾನವಾದಾಗ, ಅದನ್ನು ಬದಲಿಸುವಂತೆ ಸಲಹೆ ನೀಡುವವರು ಅನೇಕರು. ಆದರೆ ಎಷ್ಟೋ ಸಂದರ್ಭಗಳಲ್ಲಿ ಒಂದೆರಡು ಬಿಡಿಭಾಗಗಳನ್ನು ಬದಲಿಸಿದರೆ ಸಾಕಾಗುತ್ತದೆ. ದೋಷವು ಯಾವ ಭಾಗದಲ್ಲಿದೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಅವಶ್ಯಕ.

ಲೆಕ್ಕಪತ್ರಗಳ ರಕ್ಷಣೆ

ಯಂತ್ರವನ್ನು ಬಿಚ್ಚುವ ಮುನ್ನ ಲೆಕ್ಕಪತ್ರಗಳ ಬ್ಯಾಕಪ್ ತೆಗೆದುಕೊಳ್ಳತಕ್ಕದ್ದು. ಸಿಜಿಎಸ್‌ಟಿ ಕಾಯ್ದೆ, 2017ರ 36ನೇ ಕಲಮಿನ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ನಿಗದಿಯಾದ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿರಿಸಬೇಕು. ಯಂತ್ರ ಕೆಟ್ಟರೆ ಬೇರೊಂದನ್ನು ಕೊಳ್ಳಬಹುದು. ಆರು ವರ್ಷಗಳ ಖಾತೆ ಅಳಿಸಿಹೋದರೆ ಅದನ್ನು ಕೊಳ್ಳಲಾಗದು. ಒಂದು ಪ್ರತಿಯನ್ನು ಪ್ರತ್ಯೇಕ ಹಾರ್ಡ್ ಡಿಸ್ಕಿನಲ್ಲಿಯೂ ಮತ್ತೊಂದನ್ನು ಬೇರೆ ಸ್ಥಳದಲ್ಲಿಯೂ ಇಡುವುದು ಕ್ಷೇಮ. ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ತೆರೆದು ಅಂತಿಮ ಶಿಲ್ಕು ತಾಳೆಯಾಗುವುದೇ ಎಂದು ಪರೀಕ್ಷಿಸಬೇಕು.

ದೋಷದ ಪತ್ತೆ

ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಎಂದಿನ ಕೆಲಸ ನಡೆಯುತ್ತಿರುವಾಗ ಅದರಲ್ಲಿ ಡಿಸ್ಕ್ ಬಳಕೆಯು ಶೇ. 100ರ ಆಸುಪಾಸಿನಲ್ಲಿಯೇ ನಿಂತಿದ್ದು ಪ್ರೊಸೆಸರ್ ಬಹುಪಾಲು ಬಿಡುವಾಗಿದ್ದರೆ, ಅಡಚಣೆಯು ಹಾರ್ಡ್ ಡಿಸ್ಕಿನದು. ಮೆಮೊರಿಯು ಸದಾ ತುಂಬಿಕೊಂಡಿದ್ದರೆ ರ‍್ಯಾಮ್ ಸಾಲದೆಂದು ತಿಳಿಯಬೇಕು. ಯಂತ್ರದೊಂದಿಗೆ ತಾವಾಗಿಯೇ ಆರಂಭವಾಗುವ ಅನಗತ್ಯ ತಂತ್ರಾಂಶಗಳನ್ನು ಇಲ್ಲಿಯೇ ತಡೆಹಿಡಿಯಬಹುದು, ಇದಕ್ಕೆ ಖರ್ಚಿಲ್ಲ.

ಹಣ ತೆರುವ ಮುನ್ನ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಳಿಸಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಥಳಾವಕಾಶ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಹಾಗೂ ಮಾನ್ಯತೆ ಪಡೆದ ಪ್ರೊಸೆಸರ್ ಬೇಕು. ಇಂಟೆಲ್ ಕೋರ್ ಶ್ರೇಣಿಯಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಮತ್ತು ಅನಂತರದವು ಮಾತ್ರ ಅರ್ಹ. ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶವು ಅರ್ಹತೆಯನ್ನು ತಿಳಿಸುತ್ತದೆ. ಅನರ್ಹ ಯಂತ್ರದಲ್ಲಿ ಜಿಎಸ್‌ಟಿ ಮತ್ತು ಬ್ಯಾಂಕಿನ ವ್ಯವಹಾರ ನಡೆಸುವವರು ಬಿಡಿಭಾಗಗಳಿಗೆ ಹಣ ಹಾಕುವುದು ಲಾಭದಾಯಕವಲ್ಲ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನ್ನಾಕ್ರೈ ದಾಳಿಯನ್ನು ಇಲ್ಲಿ ಸ್ಮರಿಸಬಹುದು. ಅದು ಬಳಸಿಕೊಂಡ ದೋಷಕ್ಕೆ ಅದೇ ಮಾರ್ಚ್‌ನಲ್ಲಿಯೇ ಪರಿಹಾರ ಬಿಡುಗಡೆಯಾಗಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ದಾಳಿಗೆ ತುತ್ತಾದವು.

ಯಾವ ಬಿಡಿಭಾಗ?

ಯಂತ್ರವು ಅರ್ಹವಾಗಿದ್ದು ಹಳೆಯ ಹಾರ್ಡ್ ಡಿಸ್ಕನ್ನೇ ಹೊಂದಿದ್ದರೆ, ಎಸ್‌ಎಸ್‌ಡಿ ಅಳವಡಿಕೆಯಿಂದ ದೊರೆಯುವಷ್ಟು ಪ್ರಯೋಜನ ಬೇರಾವುದರಿಂದಲೂ ದೊರೆಯದು. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಅತ್ತಿತ್ತ ಚಲಿಸಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ರ‍್ಯಾಮ್ ಕೊಳ್ಳುವಾಗ ಡಿಡಿಆರ್3, ಡಿಡಿಆರ್4, ಡಿಡಿಆರ್5 ಇವು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ ಎಂಬುದು ನೆನಪಿರಲಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿರುವುದರಿಂದ ಹೆಚ್ಚಿಸಲು ಅವಕಾಶವೇ ಇರುವುದಿಲ್ಲ. ಬೆಲೆಗಳಲ್ಲಿ ಏರಿಳಿತವಿರುವುದರಿಂದ ಎರಡು ಮೂರು ಕಡೆ ದರ ವಿಚಾರಿಸಿ, ಖಾತರಿ ಅವಧಿ ನಮೂದಾಗಿರುವ ಬಿಲ್ಲನ್ನು ಕೇಳಿ ಪಡೆಯಬೇಕು.

ನಿತ್ಯದ ತೊಂದರೆಗಳು

ಪ್ರತಿ ಬೆಳಿಗ್ಗೆ ಯಂತ್ರವು ತಪ್ಪು ದಿನಾಂಕ ತೋರಿಸಿ, ಬ್ಯಾಂಕಿನ ಅಥವಾ ಜಿಎಸ್‌ಟಿ ಜಾಲತಾಣವು ಸುರಕ್ಷಿತವಲ್ಲವೆಂಬ ಸೂಚನೆ ಬಂದರೆ ಇಂಟರ್ನೆಟ್ ಸಂಪರ್ಕವನ್ನು ದೂರಬೇಕಿಲ್ಲ. ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸೆಲ್ ಮುಗಿದಿರುತ್ತದೆ. ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032 ಮಾದರಿಯದು. ಅಲ್ಪ ಬೆಲೆಗೆ ದೊರೆಯುತ್ತದೆ. ಅಲ್ಲಿಯವರೆಗೆ ಬಿಲ್ಲುಗಳ ಮೇಲೆ ತಪ್ಪು ದಿನಾಂಕ ಬೀಳದಂತೆ ಎಚ್ಚರ ವಹಿಸಬೇಕು.

ಪ್ರಿಂಟರ್‌ಗೆ ಕಳುಹಿಸಿದ ಬಿಲ್ಲು ಸಾಲಿನಲ್ಲಿಯೇ ಸಿಲುಕಿಕೊಂಡರೆ, ಸರ್ವಿಸಸ್ ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರ್ ಅನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಬಹಳಷ್ಟು ಬಾರಿ ಸರಿಹೋಗುತ್ತದೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬರೆದ ಕನ್ನಡ ಪತ್ರವು ಬೇರೆ ಯಂತ್ರದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಕಡತ ಕೆಟ್ಟಿಲ್ಲ. ಆ ಅಕ್ಷರಶೈಲಿಯನ್ನು ಅಳವಡಿಸಬೇಕು, ಇಲ್ಲವೇ ಪತ್ರವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಹಳೆಯ ಡಿಸ್ಕ್

ಕಡತಗಳನ್ನು ಡಿಲೀಟ್ ಮಾಡಿದ ಮಾತ್ರಕ್ಕೆ ಅವು ಡಿಸ್ಕಿನಿಂದ ಪೂರ್ಣ ಅಳಿಯುವುದಿಲ್ಲ. ಆದುದರಿಂದ ಯಂತ್ರವನ್ನು ಗುಜರಿಗೆ ಹಾಕುವಾಗ ಡಿಸ್ಕನ್ನು ಬಿಚ್ಚಿ ತಮ್ಮಲ್ಲಿಯೇ ಇರಿಸಿಕೊಳ್ಳುವುದು ಲೇಸು. ಉಳಿದ ಭಾಗಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವುದರಿಂದ, ಅವುಗಳನ್ನು ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕೆಂದು ವರ್ತಕ ಬಾಂಧವರಲ್ಲಿ ವಿನಂತಿ.