ಹಾಕ್ ಮಾಡೋಣವೋ, ಲಾಗ ಹೊಡೆಸೋಣವೋ?

ಬೀದರಿನಲ್ಲಿ ಬೆಳೆದ ಮಗು ಗುಬ್ಬಿ, ಗಿಡುಗಗಳ ಜೊತೆಜೊತೆಗೇ ಹಾಕ್ ವಿಮಾನವನ್ನೂ ಗುರುತು ಹಿಡಿಯುತ್ತದೆ. ಯುದ್ಧವಿಮಾನ ನಡೆಸಲು ಹೊರಟ ಹೊಸ ಪೈಲಟ್‌ಗಳಿಗೆ ಇಲ್ಲಿನ ವಾಯುನೆಲೆಯಲ್ಲಿ ತರಬೇತಿ ಸಿಗುವುದು ಇದರಲ್ಲೇ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ಮನೆಯೂ ಇದೇ ಊರು. 1996ರಲ್ಲಿ ಎಚ್‌ಎಎಲ್‌ನ ಕಿರಣ್ ವಿಮಾನಗಳೊಂದಿಗೆ ಹುಟ್ಟಿದ ತಂಡ, 2011ರ ಏರೋ ಇಂಡಿಯಾ ಪ್ರದರ್ಶನ ಮುಗಿದ ಮೇಲೆ ಕೆಲವು ವರ್ಷ ನಿಂತುಹೋಗಿ, ಆಮೇಲೆ ಹಾಕ್ ಏರಿ ಮತ್ತೆ ಹಾರತೊಡಗಿತು. ಬೆಂಗಳೂರಿನವರು ಎರಡು ವರ್ಷಕ್ಕೊಮ್ಮೆ ಯಲಹಂಕದ ಬಿಸಿಲಲ್ಲಿ ನಿಂತು ನೋಡುವ ಆಟದ ತಾಲೀಮನ್ನು ಬೀದರಿನವರು ಮಾಳಿಗೆ ಮೇಲೆ ಹಪ್ಪಳ ಒಣಗಿಸುತ್ತಾ ನೋಡಬಲ್ಲರು.

ಇಂಥ ಊರಿನ ಹುಡುಗನೋ ಹುಡುಗಿಯೋ ರಿಮೋಟ್ ವಿಮಾನದ ಹವ್ಯಾಸಕ್ಕೆ ಬಿದ್ದರೆ ಮೊದಲು ಕೇಳುವುದು ಕೆಂಪು-ಬಿಳಿ ಬಣ್ಣದ ಪುಟ್ಟ ಹಾಕ್ ಅನ್ನೇ. ಅದು ಲಾಗವನ್ನೂ ಹೊಡೆಯಬೇಕು, ತಲೆಕೆಳಗಾಗಿಯೂ ಹಾರಬೇಕು. ಸಮಸ್ಯೆ ಶುರುವಾಗುವುದು ಇಲ್ಲೇ. ಮಾದರಿ ವಿಮಾನಗಳ ಲೋಕದಲ್ಲಿ ರೂಪ ಮತ್ತು ಆಟ ಬೇರೆ ಬೇರೆ ಮನೆತನಗಳಿಗೆ ಸೇರಿವೆ.

ರೂಪದ ಮನೆತನಕ್ಕೆ ಸ್ಕೇಲ್ ಎಂದು ಹೆಸರು. ನಿಜವಾದ ಒಂದು ವಿಮಾನವನ್ನು ಅಳತೆ ಕೆಡದಂತೆ ಕುಗ್ಗಿಸುವುದು. ಹಾಕ್‌ನ ರೆಕ್ಕೆಗಳ ಹರವು 9.94 ಮೀಟರ್, ಹತ್ತರಲ್ಲೊಂದು ಪಾಲು ಮಾಡಿದರೆ ಹತ್ತಿರಹತ್ತಿರ ಒಂದು ಮೀಟರ್. ರಿವೆಟ್ ಸಾಲು, ಬಾಗಿಲ ಗೆರೆ, ಬಾಲದ ಸಂಖ್ಯೆ, ಪೈಲಟ್ ಬೊಂಬೆಯ ಹೆಲ್ಮೆಟ್, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಂತರರಾಷ್ಟ್ರೀಯ ಏರೋಸ್ಪೋರ್ಟ್ಸ್ ಒಕ್ಕೂಟದ ಸ್ಕೇಲ್ ಸ್ಪರ್ಧೆಗಳಲ್ಲಿ ತೀರ್ಪುಗಾರರು ಮೊದಲು ನೆಲದ ಮೇಲೆಯೇ ಮಾದರಿಯನ್ನು ಫೋಟೊ ಮತ್ತು ನಕ್ಷೆಗಳ ಪಕ್ಕದಲ್ಲಿಟ್ಟು ತೂಗುತ್ತಾರೆ. ಹಾರಾಟದ ಅಂಕ ಆಮೇಲಿನದು. ಎಫ್4ಸಿ ಎಂಬ ವಿಭಾಗದಲ್ಲಂತೂ ಹಾರಿಸುವವರೇ ಮಾದರಿಯನ್ನು ಕಟ್ಟಿರಬೇಕು. ಅಲ್ಲಿ ಚೆನ್ನಾಗಿ ಹಾರುವುದೆಂದರೆ ಮೂಲ ವಿಮಾನದ ಹಾಗೆ ಹಾರುವುದು. ಸರಕು ವಿಮಾನದ ಮಾದರಿಗೆ ಲಾಗ ಹೊಡೆಸಿದವರಿಗೆ ಶಹಬ್ಬಾಸ್ ಸಿಗುವುದಿಲ್ಲ.

ಆಟದ ಮನೆತನ ಏರೋಬ್ಯಾಟಿಕ್. ಇದಕ್ಕೆ ಯಾರನ್ನೂ ಹೋಲುವ ಹಂಗಿಲ್ಲ. ರೆಕ್ಕೆಯ ಮೇಲ್ಮೈಗೂ ಕೆಳಮೈಗೂ ಒಂದೇ ಉಬ್ಬು, ಆದ್ದರಿಂದ ನೆಟ್ಟಗಿದ್ದರೂ ಮಗುಚಿದ್ದರೂ ಅದಕ್ಕೆ ವ್ಯತ್ಯಾಸವೇ ಇಲ್ಲ. ಹಾರಾಟದ ದಿಕ್ಕು ಬದಲಿಸುವ ಅಗಲವಾದ ಏಲೆರಾನ್, ಎಲಿವೇಟರ್, ರಡ್ಡರ್‌ಗಳು. ಹಗುರ ಮೈಗೆ ಮೀರಿದ ಮೋಟರು. ಪ್ರೊಪೆಲರಿನ ಎಳೆತ ತೂಕವನ್ನು ಮೀರಿದರೆ ವಿಮಾನ ಮೂಗು ಮೇಲೆ ಮಾಡಿ ಗಾಳಿಯಲ್ಲಿ ನೇತುಬಿದ್ದಂತೆ ನಿಲ್ಲುತ್ತದೆ. ಈ ಪಂಥಕ್ಕೆ ತ್ರೀಡಿ ಎನ್ನುತ್ತಾರೆ. ಏರೋಬ್ಯಾಟಿಕ್ ಮನೆತನದ ಶಾಸ್ತ್ರೀಯ ಸ್ಪರ್ಧೆಯಾದ ಎಫ್3ಎಗೆ 1960ರಿಂದಲೇ ವಿಶ್ವ ಚಾಂಪಿಯನ್‌ಷಿಪ್ ಇದೆ. ಉದ್ದ, ಅಗಲ ಎರಡೂ 2 ಮೀಟರಿನೊಳಗೆ, ತೂಕ 5 ಕೆ.ಜಿ.ಯೊಳಗೆ ಎಂಬುದು ಅದರ ಕಟ್ಟಳೆ. ವೃತ್ತ ಹೊಡೆದರೆ ವೃತ್ತವೇ ಆಗಿರಬೇಕು, ಮೊಟ್ಟೆಯಾಕಾರವಾದರೆ ಅಂಕ ಕಡಿತ.

ಹಾಗಾದರೆ ಹಾಕ್‌ನಂಥ ಮೈಗೆ ಶಕ್ತಿಯ ಮೋಟರು ಕೂಡಿಸಿ ಎರಡನ್ನೂ ಸಾಧಿಸಬಾರದೇ? ದುಡ್ಡು, ಕೈಚಳಕ ಎರಡೂ ಇರುವವರು ಸಾಧಿಸುತ್ತಾರೆ. ಹೊಸಬರಿಗೆ ಅಡ್ಡ ಬರುವುದು ಗಾಳಿ. ನಾವು ವಿಮಾನವನ್ನು ಕುಗ್ಗಿಸಬಹುದು, ಗಾಳಿಯನ್ನು ಕುಗ್ಗಿಸಲಾಗದು. ಕಿರಿದಾದ ರೆಕ್ಕೆಯ ಮೇಲೆ ಅದು ದೊಡ್ಡ ರೆಕ್ಕೆಯ ಮೇಲೆ ಹರಿದಷ್ಟು ಸಲೀಸಾಗಿ ಹರಿಯುವುದಿಲ್ಲ, ಬೇಗ ಕಳಚಿಕೊಳ್ಳುತ್ತದೆ. ಜೆಟ್ ಮಾದರಿಯ ಪುಟ್ಟ ರೆಕ್ಕೆ ಬ್ಯಾಟರಿ, ಚಕ್ರ, ಬಣ್ಣಗಳ ಭಾರವನ್ನೆಲ್ಲ ಹೊರಬೇಕು; ಅದಕ್ಕೆ ವೇಗ ಬೇಕು. ಇಳಿಯುವಾಗ ವೇಗ ತುಸು ಕಡಿಮೆಯಾದರೆ ಒಂದು ರೆಕ್ಕೆ ಸುಳಿವೇ ಕೊಡದೆ ಕುಸಿಯುತ್ತದೆ. ಜೆಟ್ ಎಂಜಿನ್ನಿನ ಬದಲು ಒಡಲೊಳಗೆ ಕೂಡಿಸಿದ ಫ್ಯಾನು ಬ್ಯಾಟರಿಯನ್ನು ಕೆಲವೇ ನಿಮಿಷಗಳಲ್ಲಿ ಹೀರಿಬಿಡುತ್ತದೆ. ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ನಮ್ಮ ಧರಿನಾಡಿನಲ್ಲಿ, ಏಪ್ರಿಲ್ ಮಧ್ಯಾಹ್ನದ ತೆಳುವಾದ ಬಿಸಿಗಾಳಿಯಲ್ಲಿ, ಈ ತೊಂದರೆಗಳೆಲ್ಲ ಇನ್ನೊಂದಿಷ್ಟು ಬಿಗಡಾಯಿಸುತ್ತವೆ.

ಏರೋಬ್ಯಾಟಿಕ್ ಮಾದರಿಯೇನೂ ಸಾಧುಪ್ರಾಣಿಯಲ್ಲ. ಓರೆಯಾಗಿಸಿ ರಿಮೋಟಿನ ಕೋಲು ಬಿಟ್ಟರೆ ತಾನಾಗಿ ಸರಿಹೋಗುವ ಗುಣ ಅದಕ್ಕಿಲ್ಲ. ಬಿಟ್ಟ ಭಂಗಿಯಲ್ಲೇ ಸಾಗಿ ಬೇಲಿಗೋ ಬೇವಿನ ಮರಕ್ಕೋ ಬಡಿಯುತ್ತದೆ. ಹಾಗಾಗಿ ಮೊದಲ ವಿಮಾನ ಈ ಎರಡೂ ಆಗಬಾರದು. ರೆಕ್ಕೆ ಒಡಲಿನ ಮೇಲಿದ್ದು, ತುದಿಗಳು ತುಸು ಮೇಲೆದ್ದಿರುವ ಟ್ರೈನರ್ ಬೇಕು. ಫಲಕ ಮಾಡಲು ಬಳಸುವ ಸನ್‌ಪ್ಯಾಕ್ ಹಾಳೆ ಅಥವಾ ಫೋಮ್ ಹಾಳೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಂಥದನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಥರ್ಮಾಕೋಲಿಗೆ ಮಾತ್ರ ಫೆವಿಕ್ವಿಕ್ ಹಚ್ಚಬೇಡಿ, ಕರಗಿಹೋಗುತ್ತದೆ.

ಇನ್ನು ಹಾರಿಸುವ ಜಾಗ. ಬೀದರ್ ನಗರವನ್ನು ಮರೆತುಬಿಡಿ. ವಾಯುನೆಲೆ ಊರಿಗೆ ಅಂಟಿಕೊಂಡಿದೆ. 2020ರಲ್ಲಿ ಅದೇ ರನ್‌ವೇಗೆ ನಾಗರಿಕ ವಿಮಾನಗಳೂ ಬಂದವು. 2021ರ ಡ್ರೋನ್ ನಿಯಮಗಳು ಹವ್ಯಾಸದ ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. 25 ಕೆ.ಜಿ. ಮೀರಬಾರದು, ಕಣ್ಣಿಗೆ ಕಾಣುವಷ್ಟರಲ್ಲೇ ಹಾರಿಸಬೇಕು. ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ, ಹಳದಿ ವಲಯಕ್ಕೆ ವಾಯು ಸಂಚಾರ ನಿಯಂತ್ರಕರ ಅನುಮತಿ ಬೇಕು. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದು. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಬಣ್ಣ ನೋಡಿಯೇ ಹೊರಡಿ. ಭಾಲ್ಕಿ, ಔರಾದ್ ಎರಡೂ ಬೀದರಿನಿಂದ 35 ಕಿ.ಮೀ.ಗೂ ದೂರ ಇರುವುದರಿಂದ ಈ ಹವ್ಯಾಸಕ್ಕೆ ಅಲ್ಲಿನ ಬಯಲೇ ವಾಸಿ. ಆದರೂ ಪೊಲೀಸ್ ಠಾಣೆಗೆ ಮೊದಲೇ ತಿಳಿಸಿಡಿ. ಜೆಟ್ ಸದ್ದು ದೂರದಲ್ಲಿ ಕೇಳಿದರೂ ನಿಮ್ಮ ವಿಮಾನ ಕೆಳಗಿಳಿಯಬೇಕು.

ಆ ಬಯಲು ಎಂಥದ್ದು? ಎರೆಮಣ್ಣಿನದು. ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು, ನೇಗಿಲು ಹೊಡೆದ ಮೇಲೆ ಹೆಂಟೆ. ಸೋಯಾ ರಾಶಿ ಮುಗಿದ ಹೊಲದಲ್ಲಿ ಕೂಳೆ ನಿಂತಿರುತ್ತದೆ. ತೊಗರಿಯ ಕೂಳೆಯಂತೂ ಚೂರಿಯೇ ಸರಿ. ಸ್ಕೇಲ್ ಹಾಕ್‌ನ ಲಿಂಬೆಕಾಯಿ ಗಾತ್ರದ ಚಕ್ರ ಇಲ್ಲಿ ಒಂದು ಗೇಣೂ ಉರುಳದು. ಹೇಗೋ ಎಸೆದು ಹಾರಿಸಿದರೂ ಇಳಿಸುವಾಗ ತಿಂಗಳುಗಟ್ಟಲೆ ಬಣ್ಣ ಬಳಿದ ಹೊಟ್ಟೆ ಹರಿಯುತ್ತದೆ. ಒಂದು ಮೀಟರಿನ ಫೋಮ್ ಏರೋಬ್ಯಾಟಿಕ್ ವಿಮಾನವನ್ನಾದರೆ ಕೈಯಿಂದ ಎಸೆದು, ಎರಡು ಮಡಿಯಷ್ಟು ಜಾಗದಲ್ಲಿ ಆಡಿಸಿ, ಹೊಲದ ಮಾಲೀಕರು ಒಪ್ಪಿದರೆ ಹುಲ್ಲಿನ ಮೇಲೆ ಇಳಿಸಬಹುದು. ಮೂಗು ಮುರಿದರೆ ಅಲ್ಲೇ ಬದುವಿನ ಮೇಲೆ ಕೂತು ಅಂಟಿಸಬಹುದು. ಗಾಳಿ ಏಳುವ ಮೊದಲು, ಬೆಳಗಿನ ಜಾವವೇ ಇದಕ್ಕೆ ಹೊತ್ತು. ಬ್ಯಾಟರಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟು ಬರಬೇಡಿ, ಲಿಥಿಯಂ ಬೆಂಕಿ ನೀರಿಗೆ ಸುಲಭದಲ್ಲಿ ಆರುವುದಿಲ್ಲ.

ಆದ್ದರಿಂದ ಭಾಲ್ಕಿ, ಔರಾದಿನ ಹೊಸಬರಿಗೆ ನನ್ನ ಮಾತು ಇಷ್ಟೇ: ಟ್ರೈನರ್ ಆದ ಮೇಲೆ ಏರೋಬ್ಯಾಟಿಕ್. ಸ್ಕೇಲಿನ ಆಸೆ ತೀರದಿದ್ದರೆ ಹಾಕ್ ಬಿಟ್ಟು ಎಚ್‌ಟಿ-2 ಆರಿಸಿಕೊಳ್ಳಿ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್ ವಿನ್ಯಾಸ ಮಾಡಿ, 1951ರ ಆಗಸ್ಟಿನಲ್ಲಿ ಮೊದಲು ಹಾರಿಸಿದ ತರಬೇತಿ ವಿಮಾನ ಅದು. ಮುಂದೆ ಪ್ರೊಪೆಲರ್, ಮಡಚದ ಗಟ್ಟಿ ಕಾಲುಗಳು, ಅಗಲ ರೆಕ್ಕೆ. ಮಾದರಿ ಕಟ್ಟುವವರಿಗೆಂದೇ ಎರಕ ಹೊಯ್ದಂತಿದೆ. 10.72 ಮೀಟರಿನ ರೆಕ್ಕೆಯನ್ನು ಏಳರಲ್ಲೊಂದು ಪಾಲು ಮಾಡಿದರೆ ಒಂದೂವರೆ ಮೀಟರ್ ಬರುತ್ತದೆ, ಬಾಲ್ಸಾ ಕಟ್ಟಿಗೆಗೆ ಹದವಾದ ಅಳತೆ. ಸೂರ್ಯಕಿರಣದ ಹುಚ್ಚು ಬಿಡದವರಿಗೆ ಹಳೆಯ ಕಿರಣ್ ಇದೆ. ಅದನ್ನು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಹತ್ತಿರ ನಿಂತು ನೋಡಬಹುದು.

ಇವಕ್ಕೂ ಚಕ್ರ ಉರುಳಲು ನೆಲ ಬೇಕಲ್ಲ. ಬೀದರ್ ಕಡೆ ಕೆಂಪು ಮೊರಂಗೆ ಬರವಿಲ್ಲ. ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ಒಂದು ಕಾಲೇಜು, ಒಂದು ಪಂಚಾಯಿತಿ ಮನಸ್ಸು ಮಾಡಿ, ಹಸಿರು ವಲಯದಲ್ಲಿ 100 ಮೀಟರ್ ಉದ್ದ, 10 ಮೀಟರ್ ಅಗಲದ ಪಟ್ಟಿಗೆ ಮೊರಂ ಹಾಕಿಸಿ ರೋಲರ್ ಓಡಿಸಲಿ. ಅಲ್ಲಿಯವರೆಗೆ ಸ್ಕೇಲೋ ಏರೋಬ್ಯಾಟಿಕ್ಕೋ ಎಂಬ ಆಯ್ಕೆ ನಮ್ಮ ಮಕ್ಕಳ ಕೈಯಲ್ಲಿಲ್ಲ.