ದಾರಿ ಬಂದಾದರೆ ನಮ್ಮ ಓಣಿ ಎಷ್ಟು ದಿನ ಉಂಡೀತು?

2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಹತ್ತಿದರೂ ಬಿಡಲಿಲ್ಲ. ನಮ್ಮ ಮಣ್ಣಿನ ಮಾಳಿಗೆಯ ಒಂದು ಮೂಲೆ ಕುಸಿಯಿತು. ಕಲ್ಮಲದಿಂದ ರಾಯಚೂರಿಗೆ ಹೋಗುವ ಮಾತೇ ಇಲ್ಲ. ನಾಲ್ಕನೇ ದಿನ ಮನೆಯಾಕೆ ಹಿಟ್ಟಿನ ಡಬ್ಬಿ ಬೋರಲು ಮಾಡಿ ತೋರಿಸಿದಳು. ಆರು ಎಕರೆ ಎರಿ ಹೊಲ ಇಟ್ಟುಕೊಂಡವನು ಪಕ್ಕದ ಮನೆಯಿಂದ ಎರಡು ಸೇರು ಜೋಳ ಕಡ ತಂದೆ. ಹೊಲದ ತುಂಬ ಹತ್ತಿ ಇತ್ತು ನೋಡ್ರಿ, ಹತ್ತಿ ಉಣ್ಣಾಕ ಬರೂದಿಲ್ಲ.

2020ರ ಲಾಕ್‌ಡೌನ್‌ದಾಗ ಮಳೆ ಇರಲಿಲ್ಲ, ದಾರಿ ಒಣಗಿತ್ತು, ಆದರೂ ಹೋಗುವಂಗಿರಲಿಲ್ಲ. ಆಗಿನಿಂದ ತಲೆಯಲ್ಲಿ ಹೊಕ್ಕ ಲೆಕ್ಕವನ್ನು ಹೋದ ಬ್ಯಾಸಿಗೆಯಲ್ಲಿ ಮಾಡಿದೆ. ಮಗಳ ಹಳೇ ನೋಟ್‌ಬುಕ್ ಹಿಡಿದು ನಮ್ಮ ಓಣಿಯ 18 ಮನೆ ತಿರುಗಿದೆ. ಜೋಳ ಎಷ್ಟೈತಿ, ಕರೆಂಟ್ ಹೋದರೆ ನೀರು ಎಲ್ಲಿಂದ, ದನಕ್ಕೆ ಕಣಿಕಿ ಎಷ್ಟು, ಬೀಜ ಯಾರ ಮನೆಯಾಗೈತಿ, ಇಷ್ಟೇ ಕೇಳಿದ್ದು.

ಒಬ್ಬರಿಗೆ ದಿನಕ್ಕೆ 400 ಗ್ರಾಂ ಜೋಳ ಹಿಡಿಯಿರಿ. ಆರು ಮಂದಿಗೆ ವರ್ಷಕ್ಕೆ ಸುಮಾರು 9 ಕ್ವಿಂಟಲ್. ನಮ್ಮ ಒಣ ಹೊಲದಾಗ ಎಕರೆಗೆ 3 ಬಂದರೆ ಮೂರು ಎಕರೆ ಹಿಂಗಾರಿ ಬಿಳಿಜೋಳ ಬೇಕು. ಹಂಗೆ ಬಿತ್ತಿದವು ಎರಡೇ ಮನೆ. ಮಿಕ್ಕ ಮನೆಗಳಲ್ಲಿ ರೇಶನ್ ಅಕ್ಕಿ ಸೇರಿಸಿದರೂ ತಿಂಗಳು ದಾಟುವುದು ಕಷ್ಟ.

ನೀರಿನ ಲೆಕ್ಕ ಇನ್ನೂ ಕೆಟ್ಟದ್ದು. ನಮ್ಮ ಜಿಲ್ಲೆಯ ಶಕ್ತಿನಗರದಾಗ 1985ರಿಂದ ಕರೆಂಟ್ ತಯಾರಾಗತೈತಿ, ಆದರೆ ನಮ್ಮೂರಾಗ ಕರೆಂಟ್ ಹೋದರೆ ಬೋರು ಮೂಕ. ಹಳೇ ಸೇದುವ ಬಾವಿ ಕಸದಿಂದ ತುಂಬೈತಿ. ಜೋಡಿ ಎತ್ತಿಗೇ ದಿನಕ್ಕೆ ಏನಿಲ್ಲೆಂದರೂ 80 ಲೀಟರ್ ಬೇಕು.

ಅಪ್ಪನ ಕಾಲದಾಗ ಅಂಗಳದಲ್ಲಿ ಹಗೇವು ಇತ್ತು. ಹತ್ತಿಗೆ ಹತ್ತಿದ ಮೇಲೆ ನಾನೇ ಮುಚ್ಚಿಸಿದೆ. ಈ ವರ್ಷ ಮತ್ತೆ ತೋಡಿಸಿದೆ, ಆದರೆ ಹಿಂದಿನ ಜಾಗದಲ್ಲಿ ಅಲ್ಲ, ಮಳೆನೀರು ನಿಲ್ಲದ ದಿಬ್ಬದಲ್ಲಿ. ಬರಕ್ಕೆ ಹಗೇವು ಒಳ್ಳೇದು, ತಗ್ಗಿನಲ್ಲಿದ್ದರೆ 2009ರಂಥ ಮಳೆಗೆ ಕಾಳೆಲ್ಲ ಮುಗ್ಗು. ತಳಕ್ಕೂ ಗೋಡೆಗೂ ಒಣ ಕಣಿಕಿ ಹಾಸಿ, ಹಲ್ಲಿಗೆ ಕಟಂ ಅನ್ನುವಷ್ಟು ಒಣಗಿದ ಜೋಳ ತುಂಬಿ, ಬಾಯಿಗೆ ಬಂಡೆ ಇಟ್ಟು ಕೆಸರು ಮೆತ್ತಬೇಕು. ಒಳಗೆ ಗಾಳಿ ಸಿಗದೆ ಹುಳ ಸಾಯತಾವ. ಅದೇ ಕಾರಣಕ್ಕೆ ಮನುಷ್ಯನೂ ಸಾಯತಾನ, ಇದನ್ನು ಹುಡುಗರಿಗೆ ಹೇಳದೆ ಬಿಡಬ್ಯಾಡ್ರಿ. ಬಾಯಿ ತೆಗೆದು ಒಂದು ದಿನ ಬಿಡಿ, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ. ದೀಪ ಆರಿದರೆ ಇಳಿಯಲೇ ಕೂಡದು. ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮ್ಯಾಲೆ ಇಬ್ಬರನ್ನು ನಿಲ್ಲಿಸಿಯೇ ಇಳಿಯಿರಿ. ಬಿತ್ತುವ ಬೀಜ ಮಾತ್ರ ಹಗೇವಿಗೆ ಹಾಕಿಲ್ಲ. ಬೂದಿ, ಬೇವಿನೆಲೆ ಬೆರೆಸಿ ತಗಡಿನ ಡಬ್ಬಿಯಲ್ಲಿ ಎತ್ತರಕ್ಕೆ ಇಟ್ಟೀನಿ.

ಮೂರು ಎಕರೆಗೆ ಎಂ 35-1 ಜೋಳ, ನಡುವೆ ಕುಸುಬಿ ಸಾಲು ಅಂತ ನಿರ್ಧಾರ ಮಾಡಿದಾಗ ಮಗ ಸಿಟ್ಟಾದ. “ಹತ್ತಿ ಬಿಟ್ಟರೆ ಸಾಲ ಯಾರು ಕಟ್ಟತಾರ, ಅಪ್ಪ?” ಅಂದ. ಅವನ ಮಾತು ಸುಳ್ಳಲ್ಲ. ಉಳಿದ ಮೂರು ಎಕರೆಗೆ ಹತ್ತಿ ಇರಲಿ ಅಂತ ಇಬ್ಬರೂ ಒಪ್ಪಿದೆವು. ಈ ಸಲದ ಕಂತು ಪೂರಾ ಕಟ್ಟಲಾಗುವುದಿಲ್ಲ, ಎಮ್ಮೆ ಕರ ಮಾರಬೇಕಾದೀತು.

ಬಾವಿಯ ಹೂಳು ತೆಗೆಯಲು ಐದು ಮನೆಯವರು ಒಪ್ಯಾರ. ನೀರು ಕುಡಿಯುವ ಮೊದಲು ಫ್ಲೋರೈಡ್ ಪರೀಕ್ಷೆ ಮಾಡಿಸಬೇಕು, ನಮ್ಮ ಜಿಲ್ಲೆಯ ಅಂತರ್ಜಲಕ್ಕೆ ಆ ಕಾಟ ಐತಿ. ಮಿಕ್ಕವರು ಹತ್ತಿ ಬಿಡಿಸಿ ಮುಗಿದ ಮೇಲೆ ಬರತೀವಿ ಅಂದಾರ.